ಹಡಗಿನ ಹಗ್ಗದ ಮೇಲೆ ಸೀರೆ

ಲಗ್ಗೆರೆಯ ನಮ್ಮ ಶೆಡ್ಡಲ್ಲಿ ಹಡಗಿನ ಹಗ್ಗ ಉದ್ದಕ್ಕೆ ಹಿಡಿಯುತ್ತಿರಲಿಲ್ಲ. ಕರಾವಳಿಯಲ್ಲಿ ದುರಸ್ತಿಯಾಗುತ್ತಿದ್ದ ಹಳೆಯ ಹಾಯಿ ಹಡಗೊಂದರ ಕಂಬಗಳನ್ನು ಬಿಗಿದು ನಿಲ್ಲಿಸೋ ಸೆಣಬಿನ ಹಗ್ಗಗಳನ್ನು ನಾವು ಹೊಸೆದು ಕೊಡಬೇಕಿತ್ತು. ಹೊಸ ಹಗ್ಗವನ್ನು ಒಂದಿಡೀ ದಿನ ಎಳೆದು ಕಟ್ಟಿದ ಮೇಲೆಯೇ ಅಳತೆಗೆ ಕತ್ತರಿಸೋದು. ಅದಕ್ಕೇ ಶೆಡ್ಡಿನ ಕಂಬದಿಂದ ಗಲ್ಲಿಯ ಕೊನೆಗೆ ನಿಲ್ಲಿಸಿದ್ದ ಲಾರಿಯವರೆಗೆ ಬಿಗಿದು, ಟೀ ಕುಡಿಯೋಕೆ ಹೋದೆ.

ಬಂದು ನೋಡಿದರೆ ಎದುರು ಮನೆ ಆಂಟಿ ಅದರ ಮೇಲೆ ಬಟ್ಟೆ ಒಣಗಾಕ್ತಿದಾರೆ!

"ಆಂಟಿ, ತೆಗೀರಿ! ಒದ್ದೆಯಾದ್ರೆ ಹಗ್ಗ ಕುಗ್ಗುತ್ತೆ. ಅದು ಹಡಗಿಂದು!"

"ಹಡಗು ಎಲ್ಲಿದೆ?"

"ಸಮುದ್ರದಲ್ಲಿ."

"ಲಗ್ಗೆರೆಗೆ ಸಮುದ್ರ ಬರೋಷ್ಟರಲ್ಲಿ ನನ್ನ ಸೀರೆ ಒಣಗಿರುತ್ತೆ ಬಿಡಿ."

ಸಿಟ್ಟು ಬಂದು ನಾನೇ ಕ್ಲಿಪ್ಪಿಗೆ ಕೈ ಹಾಕಿದೆ. ಅಷ್ಟರಲ್ಲಿ ಗಾಳಿ ಬೀಸಿತು. ಇಡೀ ಸೀರೆ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಹಗ್ಗ ಗುಂಯ್ ಅಂದಿತು. ಅದರ ನಡುಕ ನನ್ನ ಮೊಣಕೈವರೆಗೆ ಹತ್ತಿತು. ತಿಂಗಳುಗಟ್ಟಲೆ ಹೊಸೆದ ಹಗ್ಗ ಏನನ್ನು ತಡ್ಕೋಬೇಕು ಅನ್ನೋದು ಆಗ ಗೊತ್ತಾಯ್ತು. ಒಂದು ಸೀರೆಗೇ ಹೀಗಾದರೆ ಸಮುದ್ರದ ಗಾಳಿಗೆ? ಕ್ಲಿಪ್ಪು ತೆಗೆಯೋದನ್ನೇ ಮರೆತು ನಿಂತುಬಿಟ್ಟೆ. ಆಂಟಿಯೂ ಬಕೆಟ್ ಹಿಡಿದುಕೊಂಡು ಬಾಯಿ ಬಿಟ್ಟು ನೋಡ್ತಿದ್ದರು.

ಅಳತೆ ಕೆಟ್ಟಿತ್ತು. ಹಗ್ಗ ಒಣಗಿಸಿ, ಮತ್ತೆ ಎಳೆದು ಕಟ್ಟಿದೆವು.

ಆಮೇಲೊಂದು ದಿನ ಹಡಗಿನ ಫೋಟೋ ಬಂತು. ಹಾಯಿ ಇನ್ನೂ ಏರಿಸಿರಲಿಲ್ಲ. ಆಕಾಶದ ತುಂಬ ನಮ್ಮ ಹಗ್ಗಗಳೇ. ಹೆಮ್ಮೆಯಿಂದ ಆಂಟಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇಷ್ಟೊಂದು ಹಗ್ಗ ಇಟ್ಕೊಂಡು ಒಂದು ಬಟ್ಟೆನೂ ಒಣಗಾಕಿಲ್ವಲ್ಲ" ಅಂದರು.