ಹೊಸ್ತಿಲು ದಾಟಿದ ಉಣ್ಣೆ ಚಪ್ಪಲಿ

ನನ್ನ ಅತ್ತೆ ಪಾರ್ವತೆಮ್ಮ ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದವರಲ್ಲ. ಗುರುಗುಂಟಾದಲ್ಲಿ ಕುರಿ ಕಾಯುತ್ತ ಬೆಳೆದವರು. ಮದುವೆಯಾದ ಮೇಲೂ ಮಂದೆಯ ಹಿಂದೆ ತಿರುಗಿ, ಕಂಬಳಿಗೆ ನೂಲು ತೆಗೆದು ಮಗನನ್ನು ಓದಿಸಿದರು. ಆ ಮಗ, ಅಂದರೆ ನನ್ನ ಗಂಡ ಕನಕರಾಜ, ಲಿಂಗಸುಗೂರಿನಲ್ಲಿ ಬ್ಯಾಂಕ್ ನೌಕರ. ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಅತ್ತೆ ನಮ್ಮ ಜೊತೆಗಿದ್ದು ನನ್ನ ಸಾರಿಗೆ ಹೆಸರಿಡುತ್ತಾರೆ.

ಹೋದ ವರ್ಷ ಡಾಕ್ಟರು ಅವರ ಪಾದಕ್ಕೆ ಸೂಜಿಯ ಮೊನೆ ತಾಗಿಸಿ ನೋವಾಗುತ್ತದೆಯೇ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಸೂಜಿ ತಾಗಿದ್ದೇ ಅವರಿಗೆ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆಗೆ ಪಾದ ಜೋಮು ಹಿಡಿದಿತ್ತು. ಇನ್ನು ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ಗಾಯ ಕೆಟ್ಟರೆ ಕಾಲನ್ನೇ ಕತ್ತರಿಸಬೇಕಾದೀತು ಎಂದರು ಡಾಕ್ಟರು.

"ಒಲಿ ಮುಂದ, ದೇವರ ಜಗಲಿ ಮುಂದ ಚಪ್ಪಲಿ ಮೆಟ್ಟಿ ಅಡ್ಡಾಡ್ಲೇನು? ಕಾಲು ಹೋದ್ರ ಹೋಗ್ಲಿ, ಮರ್ಯಾದಿ ಹೋಗಬಾರದು" ಎಂದು ಅತ್ತೆ ಹಟ ಹಿಡಿದರು.

ನಾನೂ ಕಡಿಮೆಯವಳಲ್ಲ. "ಕಾಲು ಹೋದ್ರ ನಿಮ್ಮನ್ನ ಎತ್ಕೊಂಡು ಅಡ್ಡಾಡಾಕಿ ನಾನೇ ಅಲ್ರಿ, ಅತ್ತಿ?" ಎಂದು ಎಳೆದುಕೊಂಡೇ ಸಿಂಧನೂರಿನ ಬಸ್ಸು ಹತ್ತಿಸಿದೆ.

ಸಿಂಧನೂರಿನ ಚಪ್ಪಲಿ ಅಂಗಡಿಯ ಶೇಕ್ಷಾವಲಿ ರಬ್ಬರಿನದು, ರೆಕ್ಸಿನ್ನಿನದು, ತೊಗಲಿನದು ಎಲ್ಲ ತೆಗೆದಿಟ್ಟ. ಅತ್ತೆ ಒಂದನ್ನೂ ಮುಟ್ಟಲಿಲ್ಲ. ಕೊನೆಗೆ ಅವನು ಸಕ್ಕರೆ ಕಾಯಿಲೆಯವರಿಗೆಂದು ತರಿಸಿಟ್ಟಿದ್ದ ಎರಡು ಡಬ್ಬಿ ಇಳಿಸಿದ. ಎರಡರಲ್ಲೂ ಒಳಗೆ ಬಿಳಿ ಉಣ್ಣೆಯಿದ್ದ ಚಪ್ಪಲಿ.

ಈಗ ಅತ್ತೆಯ ಕೈ ತಾನಾಗಿಯೇ ಚಾಚಿತು. ಮೊದಲನೆಯದರ ಉಣ್ಣೆಯನ್ನು ಬೆರಳಿಂದ ಬಿಡಿಸಿ, ಊದಿ, ಬುಡ ನೋಡಿದರು. ಬುಡದಲ್ಲಿ ಬಟ್ಟೆಯ ನೇಯ್ಗೆ ಕಂಡಿತು.

"ಇದು ನೈಲಾನ್. ಇದಕ್ಕ ಅವ್ವನೂ ಇಲ್ಲ, ಅಪ್ಪನೂ ಇಲ್ಲ."

ಎರಡನೆಯದರಲ್ಲಿ ಕೂದಲು ತೊಗಲಿನಿಂದಲೇ ಎದ್ದಿತ್ತು. ಹಿಸುಕಿ ಬಿಟ್ಟರೆ ಮತ್ತೆ ಅರಳುತ್ತಿತ್ತು. ಮೂಗಿಗೆ ಹಿಡಿದವರೇ "ಇದು ಕುರಿ!" ಎಂದು ಮುಖ ಅರಳಿಸಿದರು.

"ಹಾಕ್ಕೊಂಡು ನೋಡ್ರಿ, ಯಮ್ಮಾ. ಬಿಗಿ ಇರಬಾರದು, ಸಡಿಲೂ ಇರಬಾರದು. ಕೆಳಗ ರಬ್ಬರ್ ಐತಿ, ಟೈಲ್ಸ್ ಮ್ಯಾಲೆ ಜಾರಂಗಿಲ್ಲ" ಎಂದ ಶೇಕ್ಷಾವಲಿ.

"ಈ ಬಿಸಲಾಗ ಉಣ್ಣೀನಾ?" ಎಂದೆ ನಾನು.

"ಕುರುಬರು ಬಿಸಲಾಗ ಕಂಬಳಿ ಹೊದ್ಕೊಂಡು ನಿಲ್ಲಂಗಿಲ್ಲೇನು? ನೀ ಸುಮ್ಕಿರು" ಎಂದು ನನ್ನ ಬಾಯಿ ಮುಚ್ಚಿಸಿ, ಅತ್ತೆ ತೀರ್ಪು ಕೊಟ್ಟರು. "ನಮ್ಮ ಮನಿದೇವ್ರು ಬೀರಪ್ಪನೇ ಕಂಬಳಿ ಗದ್ದಿಗಿ ಮ್ಯಾಲ ಕುಂದ್ರತಾನ. ಉಣ್ಣಿಗೆ ಮೈಲಿಗಿ ಇಲ್ಲ. ಇದು ಮನಿಯೊಳಗ ಬರ್ತೈತಿ."

ಅಂದಿನಿಂದ ಒಲೆಯ ಮುಂದೂ ಜಗಲಿಯ ಮುಂದೂ ಆ ಚಪ್ಪಲಿಯೇ. ದೀಪಾವಳಿ ಬಂತು, ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆಯುವ ಕೆಲಸ. ಅತ್ತೆ ಕಂಬಳಿಗೆ ಮಾಡುವುದನ್ನೆಲ್ಲ ಚಪ್ಪಲಿಗೂ ಮಾಡಿದರು. ನೆನೆಸಿ ತೊಳೆದು, ಹುಣಸೆ ಬೀಜದ ಗಂಜಿ ಹಚ್ಚಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಗಂಜಿ ಕುಡಿದ ಕಂಬಳಿ ಗಟ್ಟಿಯಾಗಿ ಮಳೆ ತಡೆಯುತ್ತದೆ. ಚಪ್ಪಲಿ ಮಾತ್ರ ಒಣಗಿ ಹಪ್ಪಳವಾಯಿತು. ಅತ್ತೆ ಅದನ್ನು ಹಾಸಿಗೆಯ ಕೆಳಗೆ ಮುಚ್ಚಿಟ್ಟು ಮತ್ತೆ ಬರಿಗಾಲಲ್ಲಿ ತಿರುಗಿದರು. ಹುಡುಕಿ ತೆಗೆದಾಗ ಚೆನ್ನಾಗಿ ಬೈಯಬೇಕೆಂದಿದ್ದೆ. ಕಳ್ಳ ಬೆಕ್ಕಿನಂಥ ಅವರ ಮುಖ ನೋಡಿ ನಗು ಬಂದುಬಿಟ್ಟಿತು.

ಮತ್ತೆ ಸಿಂಧನೂರು. ಶೇಕ್ಷಾವಲಿ ಆ ಚಪ್ಪಲಿಯನ್ನು ಮೇಜಿಗೆ ಕುಟ್ಟಿ ನೋಡಿದ.

"ಕಂಬಳಿ ಬರೇ ಉಣ್ಣಿ, ಯಮ್ಮಾ. ಇದಕ್ಕ ತೊಗಲು ಐತಿ. ನೀರು ಕುಡದು ಬಿಸಲಿಗೆ ಒಣಗಿದ್ರ ಹಲಗಿ ಆಗ್ತೈತಿ."

"ಇಡೀ ಹಿಂಡು ಕುರಿ ಹಳ್ಳದಾಗ ತೊಳದೀನಿ. ಒಂದೂ ಹಲಗಿ ಆಗಲಿಲ್ಲ!"

"ಅವು ಬದುಕಿದ್ವು. ತಮ್ಮ ತೊಗಲಿಗೆ ತಾವೇ ಎಣ್ಣಿ ಬಿಡ್ತಿದ್ವು."

"ಅದೂ ಖರೆ" ಎಂದು ಅತ್ತೆ ಒಪ್ಪಿದರು.

"ರಬ್ಬರ್ ಚಪ್ಪಲಿ ಬೇಕಾದಷ್ಟು ತೊಳೀರಿ, ನೆರಳಿಗೆ ಇಡ್ರಿ. ಬಟ್ಟಿ ಬೂಟಿಗೆ ಸೋಪು ಹಚ್ರಿ. ತೊಗಲಿಂದಕ್ಕ ಎಣ್ಣಿ ಸವರ್ರಿ. ಇದನ್ನ ಮಾತ್ರ ಝಾಡಿಸಿ, ಬ್ರಷ್ ಎಳದು, ನೆರಳಾಗ ಗಾಳಿಗೆ ಇಡ್ರಿ" ಎಂದು ಹೇಳಿ ಶೇಕ್ಷಾವಲಿ ಹೊಸ ಜೊತೆ ಕೊಟ್ಟ.

ಮೊನ್ನೆ ಬೆಳಿಗ್ಗೆ ಕಟ್ಟೆಯ ನೆರಳಲ್ಲಿ ಕುಳಿತು ಚಪ್ಪಲಿಗೆ ಬ್ರಷ್ ಎಳೆಯುತ್ತಿದ್ದ ಅತ್ತೆ "ರಾಜಶ್ರೀ, ಬಾ ಇಲ್ಲಿ" ಎಂದು ನನ್ನನ್ನು ಕೂಗಿದರು. ಚಪ್ಪಲಿಯ ಅಡಿಯಲ್ಲಿ ನನ್ನ ಹೊಲಿಗೆ ಮಷಿನ್ನಿನ ಮುರಿದ ಸೂಜಿ ನೆಟ್ಟಿತ್ತು. ಯಾವಾಗ ತುಳಿದಿದ್ದರೋ, ಇಬ್ಬರಿಗೂ ಗೊತ್ತಿಲ್ಲ. ಅದು ಅವರ ಪಾದಕ್ಕೆ ಹೋಗಿದ್ದರೂ ಹೀಗೆಯೇ ಗೊತ್ತಾಗುತ್ತಿರಲಿಲ್ಲ. ನನಗೆ ಅಳು ಬಂತು.

ಅತ್ತೆ ಸೂಜಿ ಕಿತ್ತು ನನ್ನ ಕೈಗಿಟ್ಟರು. ಒಳಗೆ ಹೋಗಿ ದೇವರ ಜಗಲಿಯಿಂದ ಬೀರಪ್ಪನ ಭಂಡಾರದ ಅರಿಶಿನ ತಂದು, ಎರಡೂ ಚಪ್ಪಲಿಗೆ ಹಣೆಗೆ ಹಚ್ಚಿದಂತೆ ಹಳದಿ ಹಚ್ಚಿದರು.

"ಕಣ್ಣು ಒರಸ್ಕೋ" ಎಂದರು. "ಭಂಡಾರ ಹಚ್ಚೀನಿ. ಇನ್ನ ನಾನಂತೂ ಇದನ್ನ ತೊಳಿಯಂಗಿಲ್ಲ."