ಸದರ್ನ್ ರಿವರ್‌ನಲ್ಲಿ ಬೀವರ್ ಕಂಡ ಆಂಟಿ

ಆಂಟಿಯ ಎಡಗೈ ಕಿರುಬೆರಳಿಗೆ ತುದಿಯಿರಲಿಲ್ಲ. ಉತ್ತರ ಕೆನಡಾದ ಚಳಿಗೆ ಮರಗಟ್ಟಿ ಉದುರಿ ಹೋಗಿತ್ತಂತೆ. ಚಹದ ಲೋಟ ಹಿಡಿದಾಗ ಆ ಮೋಟುಬೆರಳೊಂದು ಯಾವುದಕ್ಕೂ ತಾಗದೆ ನಿಂತಿರುತ್ತಿತ್ತು.

ಆಸ್ಟ್ರೇಲಿಯಾದ ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅವರದು. ಉಡುಪಿ ಕಡೆಯ ಕ್ರೈಸ್ತರು. ಗಂಡ ಕೆನಡಾದಲ್ಲಿ ಮರದ ಮಿಲ್ಲಿನಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಮಗನ ಜೊತೆ ಇರಲು ಇಲ್ಲಿಗೆ ಬಂದಿದ್ದರು. 2014ರ ಸುಮಾರಿಗೆ ಮೈಸೂರಿನಿಂದ ಬಂದಿಳಿದ ನನಗೆ ಹಗಲೆಲ್ಲ ಕನ್ನಡ ಮಾತಾಡಲು ಸಿಕ್ಕವರು ಅವರೊಬ್ಬರೇ. ಬೆಳಗಾದರೆ ಬೇಲಿಯಾಚೆಯಿಂದ "ಎದ್ದೆಯಾ ಮಾರಾಯ್ತಿ?" ಎನ್ನುತ್ತಿದ್ದರು.

ಎಲ್ಲಿಂದ ಶುರುವಾದರೂ ಅವರ ಮಾತು ಕೆನಡಾದ ಹೊಳೆಗಳಲ್ಲಿರುವ ಬೀವರ್ ಎಂಬ ಪ್ರಾಣಿಗೇ ಬಂದು ನಿಲ್ಲುತ್ತಿತ್ತು. "ಹಲ್ಲಲ್ಲೇ ಮರ ಕಡೀತದೆ. ಕೊಂಬೆ, ಕೆಸರು ಒಟ್ಟಿ ತೋಡಿಗೆ ಕಟ್ಟ ಹಾಕ್ತದೆ. ನೀರು ನಿಂತದ್ದೇ ಕಪ್ಪೆ ಬಂತು, ಮೀನು ಬಂತು, ಬಾತುಕೋಳಿ ಬಂತು. ಅದು ಕಟ್ಟಿದ್ದು ತನ್ನ ಮನೆಗೆ, ಬದುಕಿದ್ದು ಊರೆಲ್ಲ!"

ಒಂದು ದಿನ ವಾಕಿಂಗ್ ಮುಗಿಸಿ ಬಂದವರೇ, "ಇವತ್ತು ಜೌಗಿನ ಹತ್ರ ಬೀವರ್ ನೋಡಿದೆ" ಎಂದರು. ಮಗನ ಮುಖ ಸಪ್ಪಗಾಯಿತು. ಹಿಂದಿನ ವಾರವಷ್ಟೇ ಅವರು ಗ್ಯಾಸ್ ಆರಿಸಲು ಮರೆತಿದ್ದರು. ಮಗ ನನ್ನನ್ನು ಪಕ್ಕಕ್ಕೆ ಕರೆದು, "ಆಸ್ಟ್ರೇಲಿಯಾದಲ್ಲಿ ಬೀವರ್ ಇಲ್ಲವೇ ಇಲ್ಲ ಅಕ್ಕ. ಮಮ್ಮಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂತ ಕಾಣ್ತದೆ. ಡಾಕ್ಟರಿಗೆ ತೋರಿಸ್ತೇನೆ. ಅಲ್ಲಿವರೆಗೆ ಒಬ್ಬರೇ ಹೊರಗೆ ಹೋಗೋದು ಬೇಡ" ಎಂದ.

ಆಂಟಿ ಕಿಟಕಿಯ ಪಕ್ಕ ಕುಳಿತುಬಿಟ್ಟರು. ಬೇಲಿಯ ಬಳಿಗೂ ಬರಲಿಲ್ಲ. ನಾನೇ ಹೋದೆ.

"ನನ್ನ ಅಮ್ಮನೂ ಹೀಗೇ, ಇಲ್ಲದ್ದನ್ನೆಲ್ಲ ನೋಡ್ತಿದ್ದರು," ಎಂದರು ಮೆಲ್ಲಗೆ. "ನನಗೆ ಹೆದರಿಕೆ ಆಗ್ತದೆ. ನೀನೊಮ್ಮೆ ಬಂದು ನೋಡು. ಇಲ್ಲದಿದ್ರೆ ಇಲ್ಲ ಅನ್ನು. ಸುಳ್ಳು ಮಾತ್ರ ಹೇಳ್ಬೇಡ."

ಶನಿವಾರ ಬೆಳಿಗ್ಗೆ ಮಗನೂ ಸೇರಿ ಮೂವರೂ ಹೋದೆವು. ಜೊಂಡಿನ ನಡುವೆ ನೀರುಕೋಳಿಗಳಷ್ಟೇ ಇದ್ದವು. ಕಾದು ಕಾದು ಮಗ ಏಳುವಷ್ಟರಲ್ಲಿ ನೀರು ಸೀಳಿಕೊಂಡು ಕಂದು ಬಣ್ಣದ ಚಪ್ಪಟೆ ತಲೆಯೊಂದು ಬಂತು. ಬಿದ್ದ ಮರದ ಮೇಲೆ ಹತ್ತಿ ಕೂತು, ಸಿಗಡಿಯಂಥದೇನನ್ನೋ ಕಟಕಟನೆ ಕಡಿಯತೊಡಗಿತು. ಉದ್ದ ಮೀಸೆ, ದಪ್ಪ ಬಾಲ, ಬಾಲದ ತುದಿ ಬೆಳ್ಳಗೆ.

"ಇದೆ ಆಂಟಿ! ನಂಗೂ ಕಾಣ್ತಿದೆ!" ನಾನು ಕೂಗಿಯೇಬಿಟ್ಟೆ.

ನಾಯಿ ಹಿಡಿದು ಬರುತ್ತಿದ್ದ ಮುದುಕನೊಬ್ಬ ನಕ್ಕ. ಅದು ರಕಾಲಿ, ಇಲ್ಲಿಯದೇ ನೀರಿಲಿ ಎಂದು ಹೇಳಿ ಮುಂದೆ ಹೋದ.

ಆಂಟಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಹೆಸರು ತಪ್ಪಿದ್ದು ಮಾರಾಯ್ತಿ, ತಲೆ ತಪ್ಪಲಿಲ್ಲ!" ಮಗ ಹುಲ್ಲಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಮುಂದೆ ಡಾಕ್ಟರೂ ನೆನಪು ಚೆನ್ನಾಗಿದೆ ಎಂದರು.

ಆಂಟಿ ಆಮೇಲೆ ಕೆಲವು ವರ್ಷ ಬದುಕಿದ್ದು, ಹೃದಯದ ತೊಂದರೆಯಿಂದ ಹೋದರು. ಕಡೆಯ ದಿನ ಆಸ್ಪತ್ರೆಯಲ್ಲಿ ನನ್ನ ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದರು. ಮಗ ಗಡ್ಡ ತೆಗೆಯದ್ದಕ್ಕೆ ರೇಗಿದರು.

ಮಣ್ಣು ಮಾಡಿ ಬರುವಾಗ ಅವನು ಕಣ್ಣೊರೆಸಿಕೊಳ್ಳುತ್ತ ನಕ್ಕ. "ಕೊನೇ ತನಕ ಮರೀದೆ ನನ್ನ ಹೆಸರು ಹಿಡಿದೇ ಬೈದ್ರು ಅಕ್ಕ."