ನಾನು ಓದಿ ಹೇಳಿದ ಕಾಗದ

2008ರ ಏಪ್ರಿಲ್, ಒಂದು ಬುಧವಾರ, ಬೆಳಗಿನ ಹತ್ತೂವರೆ. ತುರ್ಭೆಯ ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ, ಕೂಲಿಕಾರರ ಬಸ್ತಿಯ ಸಾರ್ವಜನಿಕ ನಲ್ಲಿಯಿಂದ ಆರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಅಕ್ಕ ಶಾಯಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿದಳು. ಗುರುತು ಮೂಡಲಿಲ್ಲ. ದಬ್ಬಣ ದೂಡಿ ದೂಡಿ ಆ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಎರಡನೆಯ ಸಲ ಮೂಡಿತು.

ನಾನು ಅಕ್ಕ ಎಂದು ಕರೆಯುತ್ತಿದ್ದ ಅವಳು ಕಲಬುರಗಿ ಕಡೆಯವಳು. ಧಾನ್ಯದ ಮಾರುಕಟ್ಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ನಾನು ಉಡುಪಿಯವನು, ಹೋಟೆಲಿನ ಮ್ಯಾನೇಜರ್. ಬಸ್ತಿಗೆ ನೀರು ತರುವ ಪೈಪು ಕಾರ್ಖಾನೆಯ ಮೋರಿಯೊಳಗಿಂದಲೇ ಹಾದು ಬರುತ್ತಿತ್ತು, ಅಲ್ಲಲ್ಲಿ ಒಡೆದಿತ್ತು. ಅದನ್ನು ಬೇರೆ ಕಡೆಯಿಂದ ಹಾಕಿಸಬೇಕೆಂಬುದು ಅವಳ ಹಟ. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟೊಡನೆ ಒಂದು ಸೀಸೆ ತುಂಬಿಡುವಳು. ಬಣ್ಣ ಬಂದ ದಿನ ಸೀಸೆಯ ಕುತ್ತಿಗೆಗೆ ಕೆಂಪು ದಾರ, ನಾರಿದ ದಿನ ಕರಿ ದಾರ. ಓದು ಬಾರದ ಅವಳ ದಿನಚರಿ ಅದು. ಅರ್ಜಿಗಳನ್ನು ಮರಾಠಿಯಲ್ಲಿ ನಾನು ಬರೆದುಕೊಡುತ್ತಿದ್ದೆ.

"ನಮ್ಮ ನಳದ ನೀರಿಗಿ ಚಾಪುಡಿ ಬ್ಯಾಡರಿ ಅಣ್ಣಾ, ತಾನೇ ಕೆಂಪಗ ಬರ್ತದ," ಎಂದು ನಗುತ್ತಿದ್ದಳು. ಮೊಮ್ಮಗಳಿಗೆ ಎರಡನೆಯ ಸಲ ಕಾಮಾಲೆಯಾದ ಮೇಲೆ ಆ ಮಾತು ಆಡಲಿಲ್ಲ.

ಹನ್ನೊಂದನೆಯ ಅರ್ಜಿಗೆ, ಆ ಬುಧವಾರ, ಅಧಿಕಾರಿ ಬಂದರು. ಆ ಹೊತ್ತಿಗೆ ನಲ್ಲಿ ಒಣಗಿತ್ತು. ಅಕ್ಕ ಬೆಳಗಿನ ಸೀಸೆ ಚಾಚಿದಳು. "ಇದನ್ನ ಒಯ್ಯಿರಿ ಸಾಹೇಬ್ರ, ಇವತ್ತಿಂದೇ ಅದ."

ಬೇರೆಯವರು ತುಂಬಿದ್ದು ನಡೆಯುವುದಿಲ್ಲವೆಂದು ಅವರು ನಮ್ಮ ಅಡುಗೆ ಭಟ್ಟರ ಕೈಯಲ್ಲಿ ಹೋಟೆಲಿನ ನೀರಿನ ಟಾಕಿಯಿಂದ ಬಾಟಲಿ ತುಂಬಿಸಿಕೊಂಡರು. ಅದು ನಾವು ಕೊಳ್ಳುವ ಟ್ಯಾಂಕರ್ ನೀರು. ಪಂಚನಾಮೆಯ ಕಾಗದದಲ್ಲಿ ಮಾತ್ರ ಸಾರ್ವಜನಿಕ ನಲ್ಲಿಯಿಂದ ಎಂದು ಬರೆದರು. ಸಾಕ್ಷಿಯ ಸಹಿ ನನ್ನದು. ನಾನು ಪೆನ್ನು ಹಿಡಿದು ಹಿಂಜರಿದೆ. ನಮ್ಮ ಮೋರಿಯದೂ ಮಾದರಿ ತೆಗೆಯಲೇ ಎಂದು ಅಧಿಕಾರಿ ನಗುತ್ತಲೇ ಕೇಳಿದರು: "ಮ್ಯಾನೇಜರ್ ಸಾಬ್, ಆಪ್‌ಕೀ ಮೋರಿ ಕಾ ಭೀ ಸ್ಯಾಂಪಲ್ ಲೇ ಲೂಂ?"

ನಮ್ಮ ಅಡುಗೆಮನೆಯ ಎಣ್ಣೆ, ಮುಸುರೆ ಎಲ್ಲ ಹೋಗುತ್ತಿದ್ದುದು ಅದೇ ಮೋರಿಗೆ. ಸಹಿ ಹಾಕಿದೆ.

"ಅಣ್ಣಾ, ಓದಿ ಹೇಳ್ರಿ. ಟಾಕಿ ನೀರು ಅಂತ ಬರದಾರೋ ಇಲ್ಲೋ?"

"ಬರೆದಿದ್ದಾರೆ ಅಕ್ಕ. ಒತ್ತು."

ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು. ನಲ್ಲಿಯ ನೀರೆಂದು ಬರೆದ ಕಾಗದದ ಮೇಲಿನ ಅವಳದೇ ಹೆಬ್ಬೆಟ್ಟನ್ನು ಅವಳಿಗೆ ತೋರಿಸಿ ಕಚೇರಿಯವರು ಕಡತ ಮುಚ್ಚಿದರು. ಆ ಸಂಜೆ ಅವಳು ಹೋಟೆಲಿಗೆ ಬಂದಳು. ಬೈಯುತ್ತಾಳೆಂದು ಕಾದೆ. "ಮದ್ಲಿನಂಗೇ ಇನ್ನೊಂದು ಅರ್ಜಿ ಬರೀರಿ," ಎಂದಳು. ಬರೆದುಕೊಟ್ಟೆ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಓದ್ಲಾಕ ಬ್ಯಾರೇದೋರ ಬಲ್ಲಿ ಒಯ್ತೀನ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣಾ ಎಂಬುದೂ ಇರಲಿಲ್ಲ.

ಮೊಮ್ಮಗಳನ್ನು ಆ ತಿಂಗಳೇ ಊರಿಗೆ ಕಳಿಸಿದಳು. ಅವರಿಬ್ಬರೂ ಮತ್ತೆ ಒಂದೇ ಮನೆಯಲ್ಲಿ ಇರಲಿಲ್ಲ. ಪೈಪು ಬದಲಾಗಲು ಇನ್ನೂ ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಳು.

ಆ ಬುಧವಾರ ಅಲ್ಲಿದ್ದವರಲ್ಲಿ ಮೂವರು ಬದುಕಿದ್ದೇವೆ. ಟಾಕಿಯ ನಲ್ಲಿ ತಿರುಗಿಸಿದ ನಮ್ಮ ಅಡುಗೆ ಭಟ್ಟರು ಕಾಮೋಠೆಯಲ್ಲಿದ್ದಾರೆ. ಅಧಿಕಾರಿ ನಿವೃತ್ತರಾಗಿ ಘೋಡಬಂದರ್ ರಸ್ತೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಇನ್ನೊಬ್ಬ ನಾನು. ಮೂವರಿಗೂ ಓದಲು ಬರುತ್ತದೆ.